ಅತ್ತೆ ಒಪ್ಪಿಸುತ್ತಿದ್ದ ವರದಿ

ಎಂ.ಎಸ್ಸಿ. ನರ್ಸಿಂಗ್ ಓದುವವರಿಗೆ ಆಸ್ಪತ್ರೆಯೇ ಫೀಸು ಕಟ್ಟುತ್ತದೆ ಎಂಬ ಸುದ್ದಿ ಬಂದ ದಿನ ಮನೆಯಲ್ಲಿ ಕುಣಿದಾಡಿದವರು ಅತ್ತೆ. ಹೆಂಗಸರ ವಾರ್ಡಿನಲ್ಲಿ ನರ್ಸಾಗಿದ್ದ ಸೊಸೆ ಮುಂದೆ ಓದುವ ಆಸೆಯನ್ನು ಮದುವೆಯ ಹೊತ್ತಿಗೇ ಮಡಚಿಟ್ಟು ಮರೆತಿದ್ದಳು.

"ಈ ವಯಸ್ಸಲ್ಲಿ ಯಾವ ಪರೀಕ್ಷೆ ಅತ್ತೆ? ಮನೆ ಯಾರು ನೋಡ್ಕೊಳ್ತಾರೆ?" ಎಂದು ಹಿಂದೇಟು ಹಾಕಿದಳು.

"ಯಾಕೆ, ನಾನೇನು ಸತ್ತೋಗಿದೀನಾ? ಅಡುಗೆಮನೆ, ಮಗು, ನಿನ್ನ ಗಂಡ ಅನ್ನೋ ಆ ದೊಡ್ಡ ಮಗು, ಎಲ್ಲಾ ನನಗಿರಲಿ. ನೀನು ಓದು."

ಆಸ್ಪತ್ರೆಯ ಷರತ್ತು ಒಂದೇ: ನಡುವೆ ಓದು ನಿಲ್ಲಿಸಬಾರದು. ನಿಲ್ಲಿಸಿದರೆ ನೆರವು ಅಲ್ಲಿಗೇ ನಿಲ್ಲುತ್ತದೆ, ಮತ್ತೆ ಸಿಗದು. ಸೊಸೆ ಇದನ್ನು ಮಾತಿಗೆಂದು ಒಮ್ಮೆ ಹೇಳಿದ್ದಳು. ಅತ್ತೆ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡರು, ಅದೇ ಮುಳುವಾಯಿತು.

ನರ್ಸುಗಳಲ್ಲಿ ಒಂದು ಪದ್ಧತಿ. ಡ್ಯೂಟಿ ಮುಗಿಸಿದವಳು ಬರುವವಳನ್ನು ಪ್ರತಿ ಹಾಸಿಗೆಯ ಬಳಿಗೂ ಕರೆದೊಯ್ದು ರೋಗಿಯನ್ನು ಬಾಯಿಮಾತಿನಲ್ಲಿ ಒಪ್ಪಿಸಬೇಕು: ಏನು ತಿಂದಳು, ನಿದ್ದೆ ಬಂತೇ, ನೋವೆಲ್ಲಿ. ಇದಕ್ಕೆ ಹ್ಯಾಂಡ್‌ಓವರ್ ಎನ್ನುತ್ತಾರೆ. ಹೀಗೆ ಒಪ್ಪಿಸುವಾಗ ಯಾವ ಮಾತು ಬಿಟ್ಟುಹೋಗುತ್ತದೆ, ಯಾಕೆ, ಎಂಬುದೇ ಸೊಸೆಯ ಪ್ರಬಂಧದ ವಿಷಯ. ಇದನ್ನು ಕೇಳಿದ್ದೇ ತಡ, ಅತ್ತೆಗೊಂದು ಆಟ ಸಿಕ್ಕಿತು. ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಸೆಟೆದು ನಿಂತು ಶುರುಮಾಡುವರು:

"ಸಿಸ್ಟರಮ್ಮಾ, ಒಂದನೇ ಬೆಡ್ಡು, ನಿಮ್ಮ ಮಗಳು. ಊಟ ಆಯ್ತು, ಕೆಮ್ಮು ಕಮ್ಮಿ, ಹಟ ಜಾಸ್ತಿ. ಎರಡನೇ ಬೆಡ್ಡು, ನನ್ನ ಮಗ. ಟೀವಿ ಮುಂದೆ ಬಿದ್ಕೊಂಡಿದಾನೆ, ಎಬ್ಬಿಸಿದ್ರೆ ಗುರ್ ಅಂತಾನೆ. ಗ್ಯಾಸ್ ಆರಿಸಿದೀನಿ. ಇನ್ನು ನೀವುಂಟು, ನಿಮ್ಮ ವಾರ್ಡುಂಟು."

ಸೊಸೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಒಂದಿಷ್ಟು ಉಂಡು, ಪುಸ್ತಕ ಹಿಡಿದು ಕೂರುವಳು. ಆ ಮನೆಯಲ್ಲಿ ಮೂರನೇ ಬೆಡ್ಡೂ ಒಂದಿದೆ ಎಂದು ಅವಳಿಗೆ ಒಂದು ದಿನವೂ ಹೊಳೆಯಲಿಲ್ಲ.

ಎರಡನೇ ವರ್ಷದಲ್ಲಿ ಅತ್ತೆ ಮನೆಯೊಳಗೂ ಕಾಲುಚೀಲ ಹಾಕತೊಡಗಿದರು. ಕೇಳಿದರೆ "ನೆಲ ತಣ್ಣಗಿದೆ" ಎಂದರು. ಹಾಸಿಗೆ ಬಿಟ್ಟು ಕುರ್ಚಿಯಲ್ಲೇ ಒರಗಿ ತೂಕಡಿಸುತ್ತಿದ್ದರು. ಕೇಳಿದರೆ "ಮಲಗಿದ್ರೆ ಕೆಲಸ ಮರೆತೋಗತ್ತೆ" ಎಂದರು. ವಾರ್ಡಿನಲ್ಲಾಗಿದ್ದರೆ ಸೊಸೆ ಅಂಥವರ ಪಾದಕ್ಕೆ ಹೆಬ್ಬೆರಳು ಒತ್ತಿ ಬಾವು ನೋಡದೆ ಮುಂದೆ ಹೆಜ್ಜೆ ಇಡುವವಳಲ್ಲ. ಮನೆಯಲ್ಲಿ ಅವಳು ನರ್ಸಾಗಿರಲಿಲ್ಲ, ಪರೀಕ್ಷೆಗೆ ಓದುವ ಹುಡುಗಿಯಾಗಿದ್ದಳು. ಆ ಸುಖವನ್ನು ಕೊಟ್ಟವರೂ ಅತ್ತೆಯೇ. ಕೇಳಿದವರಿಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಬೈಯಲು ಮಾತ್ರ ಬಾಯಿ ಬರುವುದಿಲ್ಲ.

ಕೊನೆಯ ಪರೀಕ್ಷೆ ಬರೆದು ಬಂದ ದಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಅತ್ತೆ ಕುರ್ಚಿಯಲ್ಲಿದ್ದರು, ತುಟಿ ಕಪ್ಪಿಟ್ಟಿತ್ತು.

"ಮುಗೀತಾ?"

"ಮುಗೀತು ಅತ್ತೆ."

"ಹಾಗಾದ್ರೆ ಈಗ ಹೇಳ್ತೀನಿ. ಉಸಿರು ಸಿಗ್ತಿಲ್ಲ ಕಣೇ."

ಸೊಸೆ ಕೆಳಗೆ ಕೂತು ಕಾಲುಚೀಲ ಎಳೆದಳು. ಹೆಬ್ಬೆರಳು ಒತ್ತಿದಲ್ಲಿ ಬಿದ್ದ ಗುಳಿ ಎಷ್ಟು ಹೊತ್ತಾದರೂ ಮೇಲೇಳಲಿಲ್ಲ.

"ಯಾಕತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓದು ಬಿಡ್ತಿದ್ದೆ."

ಅದು ನಿಜ. ಬಿಟ್ಟೇ ಬಿಡುತ್ತಿದ್ದಳು.

ಅತ್ತೆ ಸೊಸೆಯ ವಾರ್ಡಿಗೇ ದಾಖಲಾದರು. ಹೃದಯ ಸೋತು ಬಹಳ ದಿನವಾಗಿದೆ, ಮೊದಲೇ ಬರಬೇಕಿತ್ತು ಎಂದರು ಡಾಕ್ಟರು. ಸಂಜೆ ಡ್ಯೂಟಿ ಬದಲಾಗುವಾಗ ಆ ಹಾಸಿಗೆಯ ಬಳಿ ನಿಂತು ಅತ್ತೆಯನ್ನು ಗೆಳತಿಗೆ ಒಪ್ಪಿಸಬೇಕಾದದ್ದೂ ಸೊಸೆಯೇ. ನಾಡಿ ಹೇಳಿದಳು, ಔಷಧಿ ಹೇಳಿದಳು. ಆಕ್ಸಿಜನ್ ಮಾಸ್ಕಿನೊಳಗಿಂದ ಅತ್ತೆಯೇ ಮುಗಿಸಿದರು: "ಸೊಸೆ ಪಾಸಾಗ್ತಾಳೆ. ಅದನ್ನೂ ಬರ್ಕೊಳ್ಳಮ್ಮ." ಆ ವಾರ ಅವರು ದಾಟಲಿಲ್ಲ.

ಫಲಿತಾಂಶ ಬಂತು. ಪಾಸಾಗಿದ್ದಳು. ಮೇಟ್ರನ್ ಕೈ ಕುಲುಕಿದರು, ಗೆಳತಿಯರು ತಬ್ಬಿಕೊಂಡರು. ಅವಳಿಗೆ ಅದ್ಯಾವುದೂ ತಾಗಲಿಲ್ಲ. ಬಾಗಿಲಲ್ಲಿ ಯಾರೂ ಇರದ ಮನೆಗೆ ಹೋಗುವುದೇ ದೊಡ್ಡ ಸಂಕಟವಾಗಿ ನಿಧಾನವಾಗಿ ನಡೆದು ಬಂದಳು.

ಬಾಗಿಲಲ್ಲಿ ಗಂಡ ನಿಂತಿದ್ದ. ತಾಯಿ ಹೋದಾಗಿನಿಂದ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ನಾಲ್ಕು ಮಾತೂ ಆಡಿರಲಿಲ್ಲ. ಈಗ ಗೋಡೆ ನೋಡುತ್ತ ಹೇಳಿದ:

"ಒಂದನೇ ಬೆಡ್ಡು, ಊಟ ಆಯ್ತು, ಮಲಗಿದಾಳೆ. ಗ್ಯಾಸ್ ಆರಿಸಿದೀನಿ."

ಹೇಳಿ ಒಳಗೆ ತಿರುಗಿದ. ಅವಳು ಚಪ್ಪಲಿಯನ್ನೂ ಬಿಡದೆ ಅವನ ಮಣಿಕಟ್ಟು ಹಿಡಿದಳು.

"ರೀ, ಎರಡನೇ ಬೆಡ್ಡು?"

ಅವನು ಆ ಖಾಲಿ ಕುರ್ಚಿಯನ್ನು ನೋಡಿದ.

"ಅಮ್ಮ ಬೇಕು ಕಣೇ," ಎಂದ. ಹಾಗೆಂದವನು ಹೊಸ್ತಿಲ ಮೇಲೆಯೇ ಕುಸಿದು ಕೂತು ಅಳತೊಡಗಿದ. ಅವಳು ಪಕ್ಕದಲ್ಲಿ ಕೂತಳು.