ಐವರು ಊದಿದ ಪ್ಲೇಟು

ಊಟದ ತಟ್ಟೆಗೂ ಹಾಡಿನ ತಟ್ಟೆಗೂ ನಮ್ಮ ಕಡೆ ಪ್ಲೇಟೆಂದೇ ಹೆಸರು; ಎರಡರಲ್ಲೂ ಏನು ಬಡಿಸಿದ್ದರೂ ಮುಗಿಸಿ ಏಳುವುದು ಮರ್ಯಾದೆ. ಅರವತ್ತರ ದಶಕದ ಆರಂಭದಲ್ಲಿ, ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದಾಗ, ತನಗೆ ಬೇಡವಾದದ್ದನ್ನೆಲ್ಲ ಉಡುಗೊರೆಯೆಂದು ಕರೆಯುವ ಬೆಂಗಳೂರಿನ ಉದಾರಿ ಗೆಳೆಯನೊಬ್ಬ ನನಗೊಂದು ವಿದೇಶಿ ಪ್ಲೇಟು ಕೊಟ್ಟ. ಕೊಳಲು, ಕ್ಲಾರಿಯೋನೆಟ್, ನಮ್ಮ ಓಲಗದ ದೂರದ ನೆಂಟರಂಥ ಇನ್ನೆರಡು, ಜೊತೆಗೊಂದು ಸುರುಳಿ ಕಹಳೆ, ಐವರೂ ಊದುವವರೇ. ರಚನೆ ತೀರ ಹೊಸ ಕಾಲದ್ದೆಂದು ಹೊದಿಕೆಯ ಮೇಲೆ ಅಚ್ಚಾಗಿತ್ತು. ನುಡಿಸಲು ಯಂತ್ರವಿಲ್ಲದ ನಾನು ಹೊದಿಕೆಯನ್ನೇ ಓದಿ ಸಂಗೀತಜ್ಞನಾದೆ.

ಆ ವರ್ಷವೇ ಸೋದರಮಾವನ ಜೊತೆ ಮೇಲೂರಿಗೆ ಹೆಣ್ಣು ನೋಡಲು ಹೋದೆ. ಹುಡುಗಿಯ ತಂದೆ ಮುನಿಯಪ್ಪನವರು ಹಿಪ್ಪುನೇರಳೆ ಬೆಳೆಯುವ ಅನುಕೂಲಸ್ಥರು. ಮನೆಗೆ ಹೊಸದಾಗಿ ಕರೆಂಟಿನ ಗ್ರಾಮಫೋನು ಬಂದಿತ್ತು. ಅದು ಗೊತ್ತಿದ್ದೇ ಮಾವ ಪ್ಲೇಟನ್ನು ಚೀಲಕ್ಕೆ ಹಾಕಿಸಿದ್ದರು. ಕೂತ ಕೂಡಲೇ, "ನಮ್ಮ ಹುಡುಗನಿಗೆ ಇಂಗ್ಲಿಷ್ ಸಂಗೀತ ಪೂರಾ ಗೊತ್ತು" ಎಂದುಬಿಟ್ಟರು.

ಪ್ಲೇಟನ್ನಿಟ್ಟು ಮುಳ್ಳು ಇಳಿಸಿದೆ. ಹೊರಟಿತು ನೋಡಿ ನಾದ, ಕೋಳಿಗೂಡಿಗೆ ಮುಂಗುಸಿ ನುಗ್ಗಿದಂತೆ, ಐವರೂ ಬಸ್ಸು ತಪ್ಪೀತೆಂದು ಓಡುತ್ತಲೇ ಊದಿದಂತೆ. ಅಂಗಳದ ಕೋಳಿಗಳು ತಿರುಗಿ ಉತ್ತರ ಕೊಟ್ಟವು.

"ಡೋಲು ಇಲ್ವೇನಪ್ಪಾ?" ಎಂದರು ಮುನಿಯಪ್ಪನವರು.

"ಹೊಸ ಸಂಗೀತದಲ್ಲಿ ಬಿಟ್ಟುಬಿಟ್ಟಿದ್ದಾರೆ. ಇದು ಯಂತ್ರಯುಗದ ಮಾನವನ ಧಾವಂತ" ಎಂದೆ. ಓದುಗ ಮಿತ್ರರೇ, ಅರಿಯದ್ದನ್ನು ವಿವರಿಸುವಾಗ ನಾಲಗೆಯ ಮೇಲೆ ತಾನಾಗಿ ಹರಿದಾಡುವ ಸಂಸ್ಕೃತ, ಅರಿತದ್ದನ್ನು ಹೇಳುವಾಗ ಎಲ್ಲಿ ಅಡಗಿರುತ್ತದೋ ನಾನರಿಯೆ.

ಅಷ್ಟರಲ್ಲಿ ಕಾಫಿ ತಂದ ಹುಡುಗಿ, ಸರೋಜ, ಲೋಟಗಳನ್ನಿಟ್ಟು ಯಂತ್ರದ ಬಳಿ ಬಗ್ಗಿ, ಎಪ್ಪತ್ತೆಂಟರಲ್ಲಿದ್ದ ವೇಗದ ಕಡ್ಡಿಯನ್ನು ಮೂವತ್ತಮೂರಕ್ಕೆ ಸರಿಸಿದಳು. "ಇದು ನಿಧಾನಕ್ಕೆ ತಿರುಗೋ ಪ್ಲೇಟು. ಈಗ ಕೇಳಿ."

ಓಟ ನಿಂತಿತು. ಐವರೂ ಸಾವಕಾಶವಾಗಿ ಉಸಿರೆಳೆದು, ಒಬ್ಬರ ದುಃಖವನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳುವಂತೆ ಮೆಲ್ಲಗೆ ಊದತೊಡಗಿದರು. ನನ್ನ ಯಂತ್ರಯುಗ ನಡುಮನೆಯಲ್ಲೇ ಪ್ರಾಣ ಬಿಟ್ಟಿತು.

"ನಾನು ಇದನ್ನ ಕೇಳ್ತಿರೋದೇ ಇವತ್ತು ಮೊದಲು" ಎಂದು ಒಪ್ಪಿಕೊಂಡೆ. ಮಾವ ಕಾಫಿ ಲೋಟದೊಳಗೆ ಮುಖ ಇಟ್ಟವರು ಮೇಲೆತ್ತಲಿಲ್ಲ.

"ಇದ್ಯಾಕೋ ಸಾವಿನ ಮನೆ ಥರ ಐತೆ ಕಣಮ್ಮ" ಎಂದರು ಮುನಿಯಪ್ಪನವರು. "ಮೊದಲು ಓಡ್ತಿತ್ತಲ್ಲ, ಅದೇ ಬಾಗುಂದಿ, ಅದೇ ಚೆನ್ನಾಗೈತೆ."

ಸರೋಜ ಕಡ್ಡಿ ಮುಟ್ಟಲಿಲ್ಲ. ಕಂಬಕ್ಕೊರಗಿ ನಿಂತು ಕೊನೆಯವರೆಗೂ ಕೇಳಿದಳು. ನಾನೂ ಕೇಳಿದೆ, ಏನನ್ನೂ ವಿವರಿಸದೆ.

ವಾರದೊಳಗೆ ಒಪ್ಪಿಗೆ ಬಂತು. ಅವಳು ಸೋತದ್ದು ಸಂಗೀತಕ್ಕೋ ನನ್ನ ಪ್ರಾಮಾಣಿಕತೆಗೋ ಎಂಬ ಕುತೂಹಲ ತಡೆಯಲಾರದೆ, ಮದುವೆಯಾದ ಮೇಲೊಂದು ದಿನ ಕೇಳಿಯೇಬಿಟ್ಟೆ.

"ತಪ್ಪು ಅಂತ ತೋರಿಸಿದ ತಕ್ಷಣ ಒಪ್ಕೊಂಡ್ರಲ್ಲ" ಎಂದಳು ಸರೋಜ, ಅವರೆಕಾಯಿ ಸುಲಿಯುತ್ತಾ. "ಅಂಥವರೊಬ್ಬರು ಮನೇಲಿದ್ರೆ ಎಷ್ಟು ಅನುಕೂಲ ಅಂತ."