ಎರಡನೆಯ ಗೆರೆಯ ಹೆಸರು

ಒಹಾಯೊದ ಆ ಪುಟ್ಟ ಊರಿನಲ್ಲಿ ಮನೆಗೆ ಕಳ್ಳರ ಅಲಾರಂ ಹಾಕಿಸಬೇಕಾದರೆ ನಗರಸಭೆಯ ಮೂರನೆಯ ಕಿಟಕಿಯ ಲೋರ್ನಾ ವುಕೊವಿಚ್ ಪರವಾನಗಿ ಕೊಡಬೇಕು. ಒಂದೇ ಸಲಕ್ಕೆ ಅವಳ ಕೈ ದಾಟಿದ ಅರ್ಜಿಯನ್ನು, ಪಕ್ಕದ ಕಿಟಕಿಯಲ್ಲಿ ನಾಯಿ ಲೈಸೆನ್ಸ್ ಬರೆಯುವ ಡೆನೀಸ್ ಹನ್ನೆರಡು ವರ್ಷಗಳಲ್ಲಿ ಕಂಡಿಲ್ಲ. ಮೇಯರ್ ಸಾಹೇಬರ ಅರ್ಜಿಯೇ ‘ಅಪೂರ್ಣ’ ಎಂಬ ಕೆಂಪು ಮೊಹರು ಹೊತ್ತು ಎರಡು ಸಲ ಹಿಂದಿರುಗಿದೆ. ಅವಳ ಹಟವೆಲ್ಲ ಅರ್ಜಿಯ ಕೊನೆಯಲ್ಲಿ ಹೆಸರು ಬರೆಯುವ ಎರಡು ಗೆರೆಗಳ ಮೇಲೆ. “ಅಲಾರಂ ಹೊಡ್ಕೊಂಡ್ರೆ ಅರ್ಧ ಗಂಟೇಲಿ ಬೀಗದ ಕೈ ಹಿಡ್ಕೊಂಡು ಓಡಿ ಬರೋರು ಇಬ್ರು ಬೇಕು. ಒಬ್ರಿದ್ರೆ ಸಾಲ್ದು” ಎಂಬುದು ಅವಳ ವಾದ. “ನಮ್ಮ ನಾಯಿ ಹೆಸರು ಬರೀಲಾ?” ಎಂದು ಯಾರಾದರೂ ಕೆಣಕಿದರೆ, “ಅದಕ್ಕೆ ಫೋನ್ ಎತ್ತೋಕೆ ಬಂದ್ರೆ ಬರೀರಿ” ಎನ್ನುತ್ತಾಳೆ, ಮುಖ ಎತ್ತದೆ. ಆದರೆ ಮುದುಕ ಹೋಡಕ್‌ನಂಥವರು ಪೆನ್ನು ಹಿಡಿದು ಎರಡನೆಯ ಗೆರೆಗೆ ಬರೆಯಲು ಯಾರ ಹೆಸರೂ ಇಲ್ಲದೆ ನಿಂತುಬಿಟ್ಟರೆ, “ಬಿಡಿ, ಉಳಿದದ್ದು ನಾನ್ ನೋಡ್ಕೋತೀನಿ” ಎಂದು ಕಾಗದ ಒಳಗೆಳೆದುಕೊಂಡು ತನ್ನ ಹೆಸರನ್ನೇ ಬರೆಯುತ್ತಾಳೆ. ಹಾಗೆ ನಲವತ್ತೊಂದು ಮನೆಗಳ ಬೀಗದ ಕೈಗಳು ಚೀಟಿ ಕಟ್ಟಿಸಿಕೊಂಡು ಅವಳ ಡ್ರಾಯರಿನಲ್ಲಿ ಮಲಗಿವೆ. ಗಾಳಿಗೆ ಬಾಗಿಲು ಬಡಿದು ಅಲಾರಂ ಕೂಗಿದರೂ ಊಟದ ಡಬ್ಬಿ ಮುಚ್ಚಿಟ್ಟು ಓಡುತ್ತಾಳೆ. ಮೊನ್ನೆ ಪಿನ್ನು ಹುಡುಕಲು ಆ ಡ್ರಾಯರ್ ಎಳೆದ ಡೆನೀಸ್‌ಗೆ ಬೀಗದ ಕೈಗಳ ಅಡಿಯಲ್ಲಿ ಲೋರ್ನಾಳ ಮನೆಯದೇ ಅರ್ಜಿ ಸಿಕ್ಕಿತು. ಮೊದಲ ಗೆರೆಯಲ್ಲಿ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಅಕ್ಕನ ಹೆಸರು, ಅದರ ಮೇಲೆ ಸ್ಕೇಲಿಟ್ಟು ಎಳೆದ ಗೀಟು. ಎರಡನೆಯದು ಖಾಲಿ. ಕೆಳಗೆ ಲೋರ್ನಾ ತಾನೇ ಒತ್ತಿಕೊಂಡ ‘ಅಪೂರ್ಣ’ದ ಕೆಂಪು ಮೊಹರು. ಹನ್ನೆರಡು ವರ್ಷ ಪಕ್ಕದಲ್ಲೇ ಕುಳಿತ ತನ್ನನ್ನು ಅವಳು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ತಾನು ಒಪ್ಪುತ್ತಿದ್ದೆನೋ ಇಲ್ಲವೋ ಎಂದುಕೊಳ್ಳುತ್ತಲೇ ಡೆನೀಸ್ ಅರ್ಜಿಯನ್ನು ಮತ್ತೆ ಬೀಗದ ಕೈಗಳ ಅಡಿಗೆ ಸರಿಸಿದಳು.