ಬಾಗಿಲಲ್ಲಿ ಹೆಸರು ಕೇಳುವ ಸಾಫ್ಟ್‌ವೇರ್

ನನ್ನ ಅಕ್ಕನಿಗೆ ಸಿಟ್ಟು ಬರುವುದಿಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳುತ್ತೇನೆ. ಕಿವಿ ಮಂದವಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವ ಅಂಗಡಿ ನಮ್ಮದು. ಹಿಂದಿನ ಕೋಣೆಯಲ್ಲಿ ನಾನು ಯಂತ್ರ ಕಿವಿಯಲ್ಲಿ ಕೂರುವ ಅಚ್ಚನ್ನು ತಿಕ್ಕಿ ನಯ ಮಾಡುತ್ತೇನೆ; ಮುಂದಿನ ಕೋಣೆಯಲ್ಲಿ ಅಕ್ಕ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಯಾವ ಸದ್ದು ಎಷ್ಟು ಕೇಳಬೇಕೆಂದು ತಿದ್ದುತ್ತಾಳೆ. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಲಿನಕ್ಸ್. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ರಿಪೇರಿ ಮಾಡಿದವರು ಅದನ್ನು ಊರಿಗೆಲ್ಲ ಹೇಳಬೇಕು, ಇದು ಲಿನಕ್ಸ್ ಮಂದಿಯ ರೂಢಿ. ಅಕ್ಕನಿಗೆ ಅದು ಮೈಗಂಟಿಬಿಟ್ಟಿದೆ. ಪಕ್ಕದ ಮನೆಯ ನಲ್ಲಿ ಸೋರಿದರೂ ಹೋಗಿ ವಾಷರ್ ಹಾಕಿ ಬರುತ್ತಾಳೆ.

ಯಂತ್ರ ಹೊಂದಿಸುವ ಸಾಫ್ಟ್‌ವೇರ್ ಮಾತ್ರ ಆ ಯಂತ್ರ ಮಾಡಿದ ಕಂಪನಿಯದು. ಅದನ್ನು ಬಿಚ್ಚುವಂತಿಲ್ಲ, ಒಳಗೇನಿದೆ ಎಂದು ಕೇಳುವಂತೆಯೂ ಇಲ್ಲ. ಲಿನಕ್ಸ್‌ನಲ್ಲಿ ನೂರೆಂಟು ಬಗೆ. ಈ ಮಹಾಶಯರು ಒಪ್ಪುವುದು ಒಂದನ್ನೇ, ಅದೂ ಓಬೀರಾಯನ ಕಾಲದ್ದನ್ನು. ನಮ್ಮ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ಆ ಹಳೆಯ ಲಿನಕ್ಸ್ ಹತ್ತಲೇ ಇಲ್ಲ. ಅಕ್ಕ ಬೇರೆ ಬಗೆಯದನ್ನು ಹಾಕಿದಳು. ಸಾಫ್ಟ್‌ವೇರ್ ತೆರೆದರೆ, ಈ ವ್ಯವಸ್ಥೆಗೆ ಬೆಂಬಲವಿಲ್ಲ ಎಂದು ಒಂದು ಸಾಲು ತೋರಿಸಿ ಬಾಯಿ ಮುಚ್ಚಿಕೊಂಡಿತು.

ಅದೇ ಹೊತ್ತಿಗೆ ಬಸ್ಸಿನ ಡ್ರೈವರಣ್ಣ ಬಂದ. ಮುಂದಿನ ತಿಂಗಳು ಅವನ ಕಿವಿಯ ಪರೀಕ್ಷೆ. ಅದರಲ್ಲಿ ಸೋತರೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಯಂತ್ರವನ್ನು ಈಗ ಒಮ್ಮೆ ಹೊಂದಿಸಬೇಕು, ಕಿವಿಗೆ ಅಭ್ಯಾಸವಾದ ಮೇಲೆ ಇನ್ನೊಮ್ಮೆ ತಿದ್ದಬೇಕು. ಅವನದೂ ಆ ಕಂಪನಿಯ ಯಂತ್ರವೇ; ಅದನ್ನು ಇಟ್ಟವರು ಊರಿನಲ್ಲಿ ನಾವೊಬ್ಬರೇ.

ಅಕ್ಕ ಕಂಪನಿಗೆ ಫೋನ್ ಮಾಡಿದಳು. ನಿಮ್ಮ ಲಿನಕ್ಸ್ ನಮ್ಮ ಪಟ್ಟಿಯಲ್ಲಿಲ್ಲ ಎಂದರು. ಯಾವಾಗ ಸೇರಿಸುತ್ತೀರಿ ಎಂದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ಅಕ್ಕ ತಾನೇ ಕೂತು ತಡಕಿದಳು. ಸಾಫ್ಟ್‌ವೇರಿಗೆ ಬೇಕಾದದ್ದೆಲ್ಲ ಹೊಸ ಲಿನಕ್ಸ್‌ನಲ್ಲೂ ಇತ್ತು. ಲಿನಕ್ಸ್ ತನ್ನ ಹೆಸರು ಬರೆದಿಟ್ಟುಕೊಳ್ಳುವ ಚಿಕ್ಕ ಕಡತವೊಂದಿದೆ; ಅದನ್ನು ಓದಿ, ಬೇಕಾದ ಹೆಸರಿಲ್ಲದಿದ್ದರೆ ಕದ ಹಾಕುತ್ತಿತ್ತು, ಅಷ್ಟೆ. ಅಕ್ಕ ಅಲ್ಲಿ ಆ ಹಳೆಯ ಹೆಸರು ಬರೆದಳು. ಎಲ್ಲ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಥೂ, ಇಷ್ಟಕ್ಕೆ ಒಬ್ಬ ಮನುಷ್ಯನ ಅನ್ನದ ಜೊತೆ ಆಟವೇ!

ಡ್ರೈವರಣ್ಣನಿಗೆ ಬಸ್ಸಿನ ಇಂಡಿಕೇಟರಿನ ಟಿಕ್ ಟಿಕ್ ಎಷ್ಟೋ ವರ್ಷದ ಮೇಲೆ ಕೇಳಿಸಿತಂತೆ. ಬಾಗಿಲು ಬಡಿದರೆ ಮಾತ್ರ ತಲೆಯೊಳಗೆ ತಗಡು ಬಿದ್ದಂತಾಗುತ್ತದೆ ಎಂದ. ಎರಡನೆಯ ಸಲ ತಿದ್ದಬೇಕಾದದ್ದು ಅದನ್ನೇ.

ಅಷ್ಟಕ್ಕೆ ಸುಮ್ಮನಿರಬಾರದೇ ಅಕ್ಕ? ರೂಢಿ ಬಿಡಬೇಕಲ್ಲ. ಕಂಪನಿಗೆ ಎಲ್ಲವನ್ನೂ ವಿವರಿಸಿ ಬರೆಯಲು ಕೂತಳು. ಬೇಡ ಕಣೇ ಎಂದು ಬಡಕೊಂಡೆ.

"ನಮ್ಮ ಥರ ಒದ್ದಾಡೋರು ಇನ್ನೆಷ್ಟು ಜನ ಇದಾರೋ. ಹೆಸರು ಕೇಳೋದೊಂದು ಬಿಟ್ರೆ ಎಲ್ಲರಿಗೂ ಆಗುತ್ತೆ. ಹೇಳಿದ್ರೆ ತೆಗೀತಾರೆ ಬಿಡು," ಎಂದಳು.

ತೆಗೆದರು. ನಾವು ಹೊಕ್ಕ ದಾರಿಯನ್ನೇ ತೆಗೆದುಹಾಕಿದರು. ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ ಎಂದು ಉತ್ತರ ಬಂತು. ಹಿಂದೆಯೇ ಹೊಸ ಆವೃತ್ತಿ ತಾನಾಗಿ ಬಂದು ಕೂತಿತು. ಸುಳ್ಳು ಹೆಸರು ಇನ್ನು ನಡೆಯದು. ಹಳೆಯ ಆವೃತ್ತಿಯೋ, ಕಂಪನಿಯ ಅಪ್ಪಣೆಯಿಲ್ಲದೆ ತೆರೆಯದು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಅವರ ಧನ್ಯವಾದಕ್ಕಿಂತ ಬೈಗುಳವೇ ಎಷ್ಟೋ ಮೇಲು.

ಪರೀಕ್ಷೆಯ ಹಿಂದಿನ ದಿನ ಡ್ರೈವರಣ್ಣ ಅಂಗಡಿಯಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅಕ್ಕ ಊಟ ಬಿಟ್ಟು ಹೆಣಗಿದಳು. ಫೋನಿನಲ್ಲಿ ಅಂಗಲಾಚಿದಳು ಕೂಡ. ಮುಂದಿನ ಆವೃತ್ತಿಯವರೆಗೆ ಕಾಯಿರಿ ಎಂದರು. ಪರೀಕ್ಷೆ ಕಾಯಬೇಕಲ್ಲ! ಮರುದಿನ ಅವನು ತಗಡಿನ ಸದ್ದಿನಲ್ಲಿ ಯಾವುದು ಹಾರ್ನು, ಯಾವುದು ಗಂಟೆ ಎಂದು ಹೇಳಲಾರದೆ ಸೋತ.

ಈಗ ಅವನು ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ. ಹೋದ ವಾರ ಅಂಗಡಿಗೆ ಬಂದು ಯಂತ್ರದ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ನೀವೇ ಇಟ್ಕೊಳ್ಳಿ ಅಕ್ಕ. ಬೇರೆ ಯಾರಿಗಾದ್ರೂ ಆಗುತ್ತೆ. ಅಲ್ಲಿ ನನ್ನ ಯಾರೂ ಕರೆಯಲ್ಲ, ಬರೀ ನೀರಿನ ಸದ್ದು."

ಅಕ್ಕ ಡಬ್ಬಿಯ ಮೇಲೆ ಕೈಯಿಟ್ಟು, ತಲೆಯೆತ್ತದೆ ಹೇಳಿದಳು:

"ನಾನು ಅವರಿಗೆ ಬರೀಬಾರ್ದಿತ್ತು ಅಣ್ಣ. ನನ್ನಿಂದಾನೇ ಹೀಗಾಯ್ತು."

ಯಂತ್ರ ಡಬ್ಬಿಯಲ್ಲಿತ್ತು. ಅವನಿಗೆ ಕೇಳಿಸಲಿಲ್ಲ. ಏನೋ ಒಳ್ಳೆಯ ಮಾತೇ ಆಡಿರಬೇಕೆಂದು ನಕ್ಕು ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೊರಟ.